ಹಬ್ಬ ಮುಗಿದರೂ ಇಳಿಯದ ತೋರಣ

ದೀಪಾವಳಿ ಮುಗಿದು ಯುಗಾದಿ ಬಂದಿರುತ್ತದೆ. ಅಂಗಡಿಯ ವೆಬ್‌ಸೈಟಿನಲ್ಲಿ ಮಾತ್ರ ದೀಪಾವಳಿ ರಿಯಾಯಿತಿಯ ಹಣತೆ ಇನ್ನೂ ಉರಿಯುತ್ತಿರುತ್ತದೆ! ಕೆಲಸ ಬಿಟ್ಟುಹೋದ ಮ್ಯಾನೇಜರರ ಫೋನ್ ನಂಬರು, ಎರಡು ವರ್ಷದ ಹಿಂದಿನ ದರಪಟ್ಟಿ, ಖಾಲಿ ಮಾಡಿದ ಕಟ್ಟಡದ ವಿಳಾಸ ಎಲ್ಲವೂ ಅಲ್ಲೇ ಭದ್ರ. ಮಾಲೀಕರನ್ನು ಕೇಳಿದರೆ, ‘ಅದನ್ನು ಮಾಡಿಕೊಟ್ಟ ಹುಡುಗ ಈಗ ಸಿಗುತ್ತಿಲ್ಲ’ ಎಂಬ ಉತ್ತರ.

ಇದು ಬರೀ ಅಂದಚಂದದ ಮಾತಲ್ಲ, ಜೇಬಿನ ಮಾತು. ಏರ್ ಕೆನಡಾ ವಿಮಾನ ಸಂಸ್ಥೆಯ ಕಥೆ ಕೇಳಿ. 2022ರಲ್ಲಿ ಅಜ್ಜಿಯನ್ನು ಕಳೆದುಕೊಂಡ ಪ್ರಯಾಣಿಕರೊಬ್ಬರು ಸಾವಿನ ಸಂದರ್ಭದ ರಿಯಾಯಿತಿ ದರದ ಬಗ್ಗೆ ಸಂಸ್ಥೆಯ ವೆಬ್‌ಸೈಟಿನಲ್ಲಿ ವಿಚಾರಿಸಿದರು. ಟಿಕೆಟ್ ಕೊಂಡ ಮೇಲೂ 90 ದಿನಗಳೊಳಗೆ ಅರ್ಜಿ ಹಾಕಬಹುದು ಎಂದಿತು ಅಲ್ಲಿನ ಚಾಟ್‌ಬಾಟ್. ಪ್ರಯಾಣ ಮುಗಿದ ಮೇಲೆ ರಿಯಾಯಿತಿ ಇಲ್ಲ ಎನ್ನುತ್ತಿತ್ತು ಅದೇ ವೆಬ್‌ಸೈಟಿನ ಇನ್ನೊಂದು ಪುಟ. ವ್ಯಾಜ್ಯ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ನ್ಯಾಯಮಂಡಳಿಗೆ ಹೋಯಿತು. ವೆಬ್‌ಸೈಟಿನಲ್ಲಿ ಇರುವ ಪ್ರತಿಯೊಂದು ಮಾಹಿತಿಗೂ ಸಂಸ್ಥೆಯೇ ಹೊಣೆ ಎಂದು ಮಂಡಳಿ 2024ರ ಫೆಬ್ರುವರಿಯಲ್ಲಿ ತೀರ್ಪಿತ್ತಿತು. ಸಂಸ್ಥೆ ತೆರಬೇಕಾದದ್ದು ಸುಮಾರು 800 ಕೆನಡಿಯನ್ ಡಾಲರ್. ಅದಕ್ಕಿಂತ ದುಬಾರಿಯಾದದ್ದು ಹೋದ ಮಾನ.

ತಪ್ಪಿನ ಮೂಲ ಗಮನಿಸಿ. ಒಂದೇ ಸಂಗತಿ ಎರಡು ಕಡೆ ಇತ್ತು, ಎರಡು ಬಗೆಯಲ್ಲಿತ್ತು.

<b>ಏಳು ಪುಟ, ಒಂದು ದರ</b>

ನಮ್ಮ ಕೊಡಗಿನಲ್ಲಿ ಜಿಎಸ್‌ಟಿ ನೋಂದಣಿಯಾದ ಒಂದು ವಸತಿಗೃಹ ಇದೆ ಎಂದಿಟ್ಟುಕೊಳ್ಳಿ. ಕೋಣೆಗೆ ದಿನಕ್ಕೆ 2,000 ರೂಪಾಯಿ. 2025ರ ಸೆಪ್ಟೆಂಬರ್ 22ರಂದು, 7,500 ರೂಪಾಯಿ ಮೀರದ ಕೋಣೆಗಳ ಮೇಲಿನ ತೆರಿಗೆ ಶೇ 12ರಿಂದ ಶೇ 5ಕ್ಕೆ ಇಳಿಯಿತು. ಅಂದರೆ 2,240 ಇದ್ದದ್ದು 2,100 ಆಗಬೇಕು. ಈ ಅಂಕಿಯನ್ನು ಮುಖಪುಟ, ಕೋಣೆಗಳ ಪುಟ, ಪ್ಯಾಕೇಜ್ ಪುಟ ಎಂದು ಏಳು ಕಡೆ ಬರೆದಿದ್ದರೆ ಏಳು ಕಡೆಯೂ ತಿದ್ದಬೇಕು. ಆರು ತಿದ್ದಿ ಒಂದು ಮರೆತರೆ, ಗಿರಾಕಿಯ ಕಣ್ಣಿಗೆ ಬೀಳುವುದು ಆ ಏಳನೆಯದೇ!

1991ರಲ್ಲಿ ಟಿಮ್ ಬರ್ನರ್ಸ್ ಲೀ ಅವರು ಸರ್ನ್ ಸಂಶೋಧನಾ ಕೇಂದ್ರದಲ್ಲಿ ಮೊದಲ ವೆಬ್‌ಸೈಟನ್ನು ಲೋಕಕ್ಕೆ ತೆರೆದಾಗ ಪ್ರತಿ ಪುಟವೂ ಕೈಬರಹದ ಪತ್ರದಂತೆ ಬೇರೆಬೇರೆ ಕಡತ. ತಿದ್ದಲು ಎಚ್‌ಟಿಎಂಎಲ್ ಸಂಕೇತ ಗೊತ್ತಿರಬೇಕಿತ್ತು. ಮುಂದೆ ಬಂದ ತಂತ್ರಾಂಶಗಳು ಈ ಪಜೀತಿ ತಪ್ಪಿಸಿದವು. 2003ರಲ್ಲಿ ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟಲ್ ಆರಂಭಿಸಿದ, ಉಚಿತವಾಗಿ ಸಿಗುವ ವರ್ಡ್‌ಪ್ರೆಸ್ ಇವುಗಳಲ್ಲಿ ಪ್ರಸಿದ್ಧ. ಇಲ್ಲಿ ಬರಹ ಒಂದು ಉಗ್ರಾಣದಲ್ಲಿ, ಪುಟದ ವಿನ್ಯಾಸ ಇನ್ನೊಂದು ಕಡೆ. ಓದುಗ ಕೇಳಿದಾಗ ಎರಡನ್ನೂ ಸೇರಿಸಿ ಬಡಿಸಲಾಗುತ್ತದೆ. ಕಾಗದ ಬರೆಯಬಲ್ಲವರು ಯಾರೂ ಇದನ್ನು ತಿದ್ದಬಹುದು.

<b>ಸೋಮಾರಿಗೂ ಸಾಧ್ಯ</b>

ಮೊದಲ ಸೂತ್ರ: ಒಂದು ಸಂಗತಿಗೆ ಒಂದೇ ಮನೆ. ದರ, ವೇಳೆ, ವಿಳಾಸಗಳನ್ನು ಒಂದು ತುಣುಕಾಗಿ ಬರೆದಿಟ್ಟು, ಬೇಕಾದ ಪುಟಗಳಲ್ಲೆಲ್ಲ ಅದನ್ನೇ ತೋರಿಸುವ ಸೌಲಭ್ಯ ವರ್ಡ್‌ಪ್ರೆಸ್‌ನಲ್ಲಿದೆ. ಒಂದು ಕಡೆ ತಿದ್ದಿದರೆ ಎಲ್ಲ ಕಡೆ ತಿದ್ದಿದಂತೆ. ದರಪಟ್ಟಿಯನ್ನು ಗೂಗಲ್ ಶೀಟ್ಸ್‌ನಲ್ಲಿಟ್ಟು ಪುಟಕ್ಕೆ ಜೋಡಿಸುವುದೂ ಉಂಟು. ಆಗ ಹಾಳೆಯ ಅಂಕಿ ಬದಲಾದರೆ ಸ್ವಲ್ಪ ಹೊತ್ತಿನಲ್ಲೇ ಪುಟದ ಅಂಕಿಯೂ ಬದಲು. 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು, ಹುಬ್ಬಳ್ಳಿ ಸೇರಿ 12 ಊರುಗಳ ಇಂಗ್ಲಿಷ್ ಹೆಸರು ಬದಲಾದಾಗ, ವಿಳಾಸ ಒಂದೇ ಕಡೆ ಇದ್ದವರಿಗೆ ಒಂದು ನಿಮಿಷದ ಕೆಲಸ.

ಎರಡನೆಯದು: ಹಬ್ಬದ ರಿಯಾಯಿತಿ ಹಾಕುವ ದಿನವೇ ತೆಗೆಯುವ ದಿನವನ್ನೂ ಗೊತ್ತುಮಾಡಿ. ಪ್ರಕಟಣೆಯ ದಿನಾಂಕವನ್ನು ಮುಂಚಿತವಾಗಿ ನಿಗದಿ ಮಾಡುವ ವ್ಯವಸ್ಥೆ ವರ್ಡ್‌ಪ್ರೆಸ್‌ನಲ್ಲೇ ಇದೆ. ತಾನಾಗಿ ಮರೆಯಾಗಿಸಲು ಪೂರಕ ತಂತ್ರಾಂಶಗಳಿವೆ.

ಮೂರನೆಯದು: ಬೇಗ ಹಳಸುವುದನ್ನು ಬರೆಯಲೇಬೇಡಿ. ‘15 ವರ್ಷಗಳ ಅನುಭವ’ ಎಂದರೆ ಪ್ರತಿವರ್ಷ ತಿದ್ದಬೇಕು. ‘2010ರಿಂದ ನಿಮ್ಮ ಸೇವೆಯಲ್ಲಿ’ ಎಂದರೆ ಎಂದೆಂದಿಗೂ ಸರಿ. ‘ಇತ್ತೀಚಿನ ಸುದ್ದಿ’ ಎಂಬ ಅಂಕಣವಂತೂ ಸುದ್ದಿ ಕೊಡುವವರು ಇದ್ದರಷ್ಟೇ ಇರಲಿ. ಅಲ್ಲಿ ಮೂರು ವರ್ಷ ಹಳೆಯ ಸುದ್ದಿ ಕಂಡರೆ ಅಂಗಡಿ ಮುಚ್ಚಿತೇನೋ ಎಂದು ಜನ ಅನುಮಾನಿಸುತ್ತಾರೆ.

ಕೊನೆಯದು ಯಂತ್ರದ ಮಾತಲ್ಲ, ಮನುಷ್ಯರದು. ಎಲ್ಲರ ಕೆಲಸವೆಂದರೆ ಯಾರ ಕೆಲಸವೂ ಅಲ್ಲ. ಒಬ್ಬರನ್ನು ಹೆಸರಿಸಿ ಜವಾಬ್ದಾರಿ ಕೊಡಿ. ತಿಂಗಳ ಮೊದಲ ಸೋಮವಾರ ಅವರು ಅರ್ಧ ಗಂಟೆ ಕುಳಿತು, ಗಿರಾಕಿಯಂತೆ ಪ್ರತಿ ಪುಟ ಓದಲಿ. ಅಲ್ಲಿರುವ ನಂಬರಿಗೆ ತಾವೇ ಫೋನ್ ಮಾಡಿ ನೋಡಲಿ. ವೆಬ್‌ಸೈಟಿನ ಪಾಸ್‌ವರ್ಡ್, ಹೆಸರಿನ ನೋಂದಣಿ ಮಾಲೀಕರ ಕೈಯಲ್ಲೇ ಇರಲಿ. ಮಾಡಿಕೊಟ್ಟ ಹುಡುಗ ಊರು ಬಿಟ್ಟರೆ ಬೀಗದ ಕೈಯೂ ಅವನೊಂದಿಗೆ ಹೋಗಬಾರದು.

ಬೆಳಿಗ್ಗೆ ಅಂಗಡಿ ಬಾಗಿಲು ತೆರೆದೊಡನೆ ನಾವು ಮುಂದಿನ ಕಸ ಗುಡಿಸಿ ನೀರು ಹಾಕುತ್ತೇವಲ್ಲ? ಗಿರಾಕಿ ಈಗ ಮೊದಲು ಬರುವುದು ಇನ್ನೊಂದು ಬಾಗಿಲಿಗೆ. ಅಲ್ಲಿಯೂ ಒಂದಿಷ್ಟು ಪೊರಕೆ ಆಡಲಿ.