ಇಂಗ್ಲೆಂಡಿನ ಉಪನಗರದಲ್ಲಿ ನೆರೆಹೊರೆಯ ಬಾಳು

ಇಂಗ್ಲೆಂಡ್ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಲಂಡನ್ ಪಟ್ಟಣದ ಗಡಿಯಾರದ ಗೋಪುರ, ಥೇಮ್ಸ್ ನದಿ, ಅರಮನೆ ಮೊದಲಾದುವು. ಆದರೆ ಆ ದೇಶದ ಗೃಹಸ್ಥರಲ್ಲಿ ಬಹು ಮಂದಿ ಬಾಳುವುದು ಆ ಗೋಪುರದ ನೆರಳಿನಲ್ಲಿಯೂ ಅಲ್ಲ, ಕವಿಗಳು ಹಾಡಿ ಹೊಗಳಿದ ಹಳ್ಳಿಗಳಲ್ಲಿಯೂ ಅಲ್ಲ. ಇವೆರಡರ ನಡುವೆ ಹಬ್ಬಿಕೊಂಡಿರುವ ಉಪನಗರಗಳಲ್ಲಿ. ನಮ್ಮ ನಾಡಿನಿಂದ ವೈದ್ಯರಾಗಿಯೋ ಇಂಜಿನಿಯರುಗಳಾಗಿಯೋ ಹೋದವರು ಅನೇಕರು ಸಂಸಾರ ಹೂಡಿರುವುದೂ ಇಂತಹ ಬಡಾವಣೆಗಳಲ್ಲಿಯೇ. ಮಗನನ್ನೋ ಮಗಳನ್ನೋ ನೋಡಿಕೊಂಡು ಬರಲು ಹೋದ ತಾಯ್ತಂದೆಗಳು ಹಿಂದಿರುಗಿ, “ಊರೇನೋ ಬಹಳ ಚೊಕ್ಕಟ, ಆದರೆ ಮಾತನಾಡಿಸುವವರೇ ಇಲ್ಲ” ಎನ್ನುವುದುಂಟು. ಈ ಮಾತಿನಲ್ಲಿ ನಿಜವೆಷ್ಟು, ಅಲ್ಲಿಯ ನೆರೆಹೊರೆಯ ನಡೆವಳಿಕೆಯ ಮರ್ಮವೇನು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಉಪನಗರವನ್ನು ಬೆಳೆಸಿದ್ದು ಮುಖ್ಯವಾಗಿ ರೈಲುಗಾಡಿ. ೧೮೬೩ರಲ್ಲಿ ಲಂಡನ್ನಿನ ನೆಲದಡಿಯಲ್ಲಿ ಓಡತೊಡಗಿದ ಮೆಟ್ರೊಪಾಲಿಟನ್ ರೈಲು ೧೮೮೦ರಲ್ಲಿ ವಾಯವ್ಯ ದಿಕ್ಕಿನ ಹ್ಯಾರೊ ಊರನ್ನು ಮುಟ್ಟಿತು. ೧೯೧೫ರಲ್ಲಿ ಆ ರೈಲಿನ ಕಂಪನಿಯವರು ತಮ್ಮ ದಾರಿಯ ಇಕ್ಕೆಲದ ಸೀಮೆಗೆ ‘ಮೆಟ್ರೊಲ್ಯಾಂಡ್’ ಎಂದು ಹೆಸರಿಟ್ಟು, ಪಟ್ಟಣದಲ್ಲಿ ದುಡಿದು ಹಸುರಿನ ನಡುವೆ ವಾಸಿಸಬಹುದೆಂದು ಪುಸ್ತಿಕೆಗಳ ಮೂಲಕ ಜನರನ್ನು ಕರೆದರು. ಮೊದಲನೆಯ ಮಹಾಯುದ್ಧವು ಮುಗಿಯುವ ಹೊತ್ತಿಗೆ, ಅಂದರೆ ೧೯೧೮ರಲ್ಲಿ, ಟ್ಯೂಡರ್ ವಾಲ್ಟರ್ಸ್ ಸಮಿತಿಯು ಪಟ್ಟಣದ ಹೊಸ ಬಡಾವಣೆಗಳಲ್ಲಿ ಎಕರೆಗೆ ೧೨ ಮನೆಗಳಿಗಿಂತ ಹೆಚ್ಚು ಇರಬಾರದೆಂದು ಸೂಚಿಸಿತು. ಮರುವರ್ಷದ ಕಾನೂನಿನಿಂದ ಸ್ಥಳೀಯ ಸಭೆಗಳು ಸರ್ಕಾರದ ಸಹಾಯಧನ ಪಡೆದು ಬಾಡಿಗೆಯ ಮನೆಗಳನ್ನು ಕಟ್ಟಿಸಲಾರಂಭಿಸಿದುವು. ಲಂಡನ್ನಿನ ಪೂರ್ವಕ್ಕಿರುವ ಬೆಕನ್‌ಟ್ರೀ ಒಂದರಲ್ಲಿಯೇ ಸುಮಾರು ೨೬,೦೦೦ ಮನೆಗಳು ಎದ್ದುವು. ಎರಡು ಮಹಾಯುದ್ಧಗಳ ನಡುವಿನ ಇಪ್ಪತ್ತು ವರ್ಷಗಳಲ್ಲಿ ಆ ದೇಶದಲ್ಲಿ ಕಟ್ಟಿದ ಮನೆಗಳು ಸುಮಾರು ೪೦ ಲಕ್ಷ!

ಈ ಕಾಲದಲ್ಲಿ ಹೆಚ್ಚಾಗಿ ಹಬ್ಬಿದುದು ಜೋಡಿಮನೆ. ಒಂದೇ ಸೂರಿನ ಕೆಳಗೆ ನಡುಗೋಡೆಯೊಂದನ್ನು ಹಂಚಿಕೊಂಡು ಎರಡು ಸಂಸಾರಗಳು ಮಗ್ಗುಲಲ್ಲಿ ವಾಸಿಸುವುದು ಇದರ ಲಕ್ಷಣ. ಕೆಳಗೆ ಮುಂಗೋಣೆ, ಹಿಂಗೋಣೆ, ಅಡಿಗೆಮನೆ. ಮಹಡಿಯ ಮೇಲೆ ಮಲಗುವ ಕೋಣೆಗಳು ಎರಡು, ಪೆಟ್ಟಿಗೆಯಷ್ಟು ಕಿರಿದಾದ ಮೂರನೆಯದೊಂದು, ಮತ್ತು ಸ್ನಾನದ ಮನೆ. ಬೀದಿಯ ಕಡೆಗೆ ಮುಂಚಾಚಿದ ಕಿಟಕಿ. ಅದರ ಮೇಲೆ ಟ್ಯೂಡರ್ ಅರಸರ ಕಾಲದ ಮನೆಗಳನ್ನು ಅನುಕರಿಸಿ ಬಡಿದ ಕಪ್ಪು ಮರದ ಪಟ್ಟಿಗಳು. ಮುಂದೆ ಪುಟ್ಟ ಹೂದೋಟ, ಹಿಂದೆ ಉದ್ದನೆಯ ಹುಲ್ಲುಹಾಸು. ಮುಂದಿನ ತೋಟ ಬೀದಿಯ ಕಣ್ಣಿಗೆ, ಹಿಂದಿನ ತೋಟ ಮನೆಯವರ ನೆಮ್ಮದಿಗೆ. ಈಗ ಅನೇಕರು ಮುಂದಿನ ತೋಟಕ್ಕೆ ಕಲ್ಲು ಹಾಸಿ ಮೋಟಾರುಗಾಡಿಯನ್ನು ನಿಲ್ಲಿಸುತ್ತಾರೆ. ನಮ್ಮ ಜಗಲಿಯಂತೆ ಮನೆಯೂ ಅಲ್ಲದ ಬೀದಿಯೂ ಅಲ್ಲದ ನಡುತಾಣವೊಂದು ಈ ಮನೆಗಳಿಗೆ ಇಲ್ಲ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆ ಮುಂಚೆಯೇ ಸೂರ್ಯನು ಮುಳುಗುವನು; ಆಮೇಲೆ ಬೀದಿಯಲ್ಲಿ ನಿಂತು ಮಾತನಾಡುವವರಾರು? ಜೂನ್ ತಿಂಗಳಲ್ಲಾದರೋ ರಾತ್ರಿ ಒಂಬತ್ತರ ವರೆಗೂ ಬೆಳಕಿರುವುದರಿಂದ ಬೇಲಿಯ ಎರಡು ಕಡೆಯಿಂದಲೂ ಮಾತು ಕೇಳಿಸುತ್ತದೆ.

ಬೇಲಿಯ ಸಂಗತಿ ಸಾಮಾನ್ಯವಾದುದಲ್ಲ. ಆಂಗ್ಲೇಯನಿಗೆ ಅವನ ಮನೆಯೇ ಕೋಟೆ ಎಂಬ ನುಡಿಗೆ ಆಧಾರವಾದ ನ್ಯಾಯತತ್ತ್ವವನ್ನು ಸರ್ ಎಡ್ವರ್ಡ್ ಕೋಕ್ ಎಂಬ ನ್ಯಾಯಶಾಸ್ತ್ರಜ್ಞನು ೧೬೦೪ರ ಮೊಕದ್ದಮೆಯೊಂದರ ವರದಿಯಲ್ಲಿ ಬರೆದಿಟ್ಟಿದ್ದಾನೆ. ಮನೆಗಳ ನಡುವಣ ಬೇಲಿಯು ಎರಡು ಮೀಟರಿಗಿಂತ ಎತ್ತರವಾಗಬೇಕಾದರೆ ಸಾಮಾನ್ಯವಾಗಿ ಸ್ಥಳೀಯ ಸಭೆಯ ಅನುಮತಿ ಬೇಕು. ಸದಾ ಹಸುರಾಗಿರುವ ಗಿಡಗಳ ಸಾಲು ಆ ಎತ್ತರವನ್ನು ಮೀರಿ ಬೆಳೆದು ನೆರೆಮನೆಯ ಬೆಳಕನ್ನು ಕಸಿದುಕೊಂಡರೆ, ಅದನ್ನು ತಗ್ಗಿಸುವಂತೆ ಆಜ್ಞೆ ಮಾಡುವ ಅಧಿಕಾರವನ್ನು ೨೦೦೩ರ ಕಾನೂನು ಆ ಸಭೆಗೆ ಕೊಟ್ಟಿದೆ. ನಡುಗೋಡೆಯನ್ನು ಕೆತ್ತಿ ಮನೆ ವಿಸ್ತರಿಸುವವನು ೧೯೯೬ರ ಶಾಸನದಂತೆ ಎರಡು ತಿಂಗಳು ಮುಂಚಿತವಾಗಿ ನೆರೆಯವನಿಗೆ ಲಿಖಿತ ಸೂಚನೆ ಕೊಡತಕ್ಕದ್ದು. ಹತ್ತಿರವಿದ್ದೂ ಒಬ್ಬರ ಬಾಳಿನಲ್ಲಿ ಇನ್ನೊಬ್ಬರು ಕೈಹಾಕದಿರುವುದೇ ಅಲ್ಲಿಯ ನೆರೆತನದ ಮೊದಲನೆಯ ಧರ್ಮವೆಂಬುದು ಇದರಿಂದ ತಿಳಿಯುತ್ತದೆ.

ಈ ಧರ್ಮವನ್ನರಿಯದವರಿಗೆ ಅಲ್ಲಿಯ ಜನರು ಬಿಗುಮಾನದವರಂತೆ ಕಾಣುವರು. ಬೀದಿಯಲ್ಲಿ ಎದುರಾದರೆ ತಲೆಯಾಡಿಸಿ, ಮಳೆ ಬಿಸಿಲುಗಳ ವಿಷಯವಾಗಿ ಒಂದು ಮಾತನಾಡಿ ಮುಂದೆ ಹೋಗುವರು. ಸಂಬಳವೆಷ್ಟು, ಮಕ್ಕಳೇಕಿಲ್ಲ ಎಂದು ಕೇಳುವವರಿಲ್ಲ. ಮುಂಚಿತವಾಗಿ ತಿಳಿಸದೆ ಮನೆಗೆ ಹೋಗಿ ಕುಳಿತುಕೊಳ್ಳುವ ರೂಢಿಯೂ ಕಡಿಮೆ. ಆದರೆ ಅದೇ ನೆರೆಯವರು, ನೀವು ಊರಲ್ಲಿಲ್ಲದಾಗ ನಿಮ್ಮ ಬೀಗದ ಕೈಯನ್ನು ಇಟ್ಟುಕೊಂಡು ಗಿಡಗಳಿಗೆ ನೀರೆರೆಯುವುದುಂಟು. ಅಂಚೆಯವನು ತಂದ ಗಂಟನ್ನು ಪಡೆದು ಕಾದಿಟ್ಟು ಕೊಡುವುದುಂಟು. ಕಸದ ಬಂಡಿ ಬಂದು ಹೋದ ಮೇಲೆ ನಿಮ್ಮ ತೊಟ್ಟಿಯನ್ನು ಒಳಕ್ಕೆ ಎಳೆದಿಡುವುದುಂಟು. ಬಹಳ ವರ್ಷ ಇಂತಹ ಉಪಕಾರಗಳು ನಡೆದರೂ ಒಬ್ಬರ ಊಟದ ಮನೆಯನ್ನು ಇನ್ನೊಬ್ಬರು ಕಂಡಿರದಿರಬಹುದು. ಇದನ್ನು ತಾತ್ಸಾರವೆಂದು ಎಣಿಸುವುದು ಸರಿಯಲ್ಲ. ಇದು ಅವರು ತೋರುವ ಮರ್ಯಾದೆಯ ರೀತಿ.

ಆದರೆ ಬೇಲಿ ಬೇರೆ, ಗೋಡೆ ಬೇರೆ. ೧೯೦೭ರಲ್ಲಿ ಲಂಡನ್ನಿನ ವಾಯವ್ಯದಲ್ಲಿ ಹ್ಯಾಂಪ್‌ಸ್ಟೆಡ್ ಗಾರ್ಡನ್ ಸಬರ್ಬ್ ಎಂಬ ಬಡಾವಣೆಯನ್ನು ಸ್ಥಾಪಿಸಿದ ಹೆನ್ರಿಯೆಟಾ ಬಾರ್ನೆಟ್ ಎಂಬ ಮಹಿಳೆಯು, ಅಲ್ಲಿ ಎಲ್ಲ ವರ್ಗದವರೂ ಕೂಡಿ ಬಾಳಬೇಕು, ಮನೆಗಳ ನಡುವೆ ಗೋಡೆಗಳಿರದೆ ಗಿಡಗಳ ಬೇಲಿಯಿರಬೇಕು ಎಂದು ನಿಯಮಿಸಿದಳು. ಆ ಬಡಾವಣೆ ಕಾಲಕ್ರಮದಲ್ಲಿ ಸಿರಿವಂತರ ಪಾಲಾದುದು ಬೇರೆ ಮಾತು. ಇದಕ್ಕೆ ತೀರ ವಿರುದ್ಧವಾದ ಉದಾಹರಣೆ ಆಕ್ಸ್‌ಫರ್ಡಿನ ಕಟ್ಸ್‌ಲೋ ಗೋಡೆಗಳು. ೧೯೩೪ರಲ್ಲಿ ಖಾಸಗಿ ಮನೆಗಳನ್ನು ಕಟ್ಟಿದ ಕಂಪನಿಯೊಂದು, ಪಕ್ಕದ ಪುರಸಭೆಯ ಬಡಾವಣೆಯಲ್ಲಿದ್ದ ಬಾಡಿಗೆದಾರರು ತನ್ನ ಬೀದಿಗಳಿಗೆ ಬಾರದಂತೆ ಎರಡು ರಸ್ತೆಗಳಿಗೆ ಅಡ್ಡಲಾಗಿ ಆಳೆತ್ತರವನ್ನು ಮೀರಿದ ಗೋಡೆಗಳನ್ನು ಎಬ್ಬಿಸಿ, ನೆತ್ತಿಯ ಮೇಲೆ ಕಬ್ಬಿಣದ ಮೊಳೆಗಳನ್ನು ನೆಟ್ಟಿತು. ಎದುರಿಗೆ ಕಾಣುವ ಹೆದ್ದಾರಿಗೆ ಮಕ್ಕಳೂ ಹೆಂಗಸರೂ ಸುತ್ತುಬಳಸಿ ಹೋಗಬೇಕಾಯಿತು. ಪುರಸಭೆಯವರು ಒಮ್ಮೆ ಕೆಡವಿದರೂ ಕಂಪನಿ ಅವನ್ನು ಮತ್ತೆ ಕಟ್ಟಿಸಿತು. ಕೊನೆಗೆ ೧೯೫೯ರಲ್ಲಿ, ಇಪ್ಪತ್ತೈದು ವರ್ಷಗಳ ತರುವಾಯ, ಅವು ನೆಲಕ್ಕುರುಳಿದುವು. ಬೇಲಿಯು ನೆರೆಯವನನ್ನು ಗೌರವಿಸುವುದು. ಇಂತಹ ಗೋಡೆಯು ಅವನನ್ನು ನೆರೆಯವನೇ ಅಲ್ಲವೆನ್ನುವುದು.

ಗೋಡೆಯಿಲ್ಲದೆಡೆಯಲ್ಲಿಯೂ ಒಂಟಿತನವೆಂಬ ಕಷ್ಟ ತಪ್ಪಿದುದಲ್ಲ. ಮೈಕಲ್ ಯಂಗ್, ಪೀಟರ್ ವಿಲ್ಮಟ್ ಎಂಬಿಬ್ಬರು ಸಮಾಜಶಾಸ್ತ್ರಜ್ಞರು, ಲಂಡನ್ನಿನ ಬೆತ್ನಲ್ ಗ್ರೀನ್ ಎಂಬ ಕಿಕ್ಕಿರಿದ ಕೇರಿಯಿಂದ ಎಸೆಕ್ಸ್ ಸೀಮೆಯ ಹೊಸ ಬಡಾವಣೆಗೆ ಹೋದ ಸಂಸಾರಗಳನ್ನು ಪರಿಶೀಲಿಸಿ ೧೯೫೭ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಹಳೆಯ ಕೇರಿಯಲ್ಲಿ ಮದುವೆಯಾದ ಮಗಳು ತಾಯಿಯ ಮನೆಯ ಹತ್ತಿರವೇ ಇದ್ದು ಆಗಾಗ ಹೋಗಿಬರುತ್ತಿದ್ದಳು. ಬಾಣಂತನದಲ್ಲಿಯೂ ಕಾಯಿಲೆಯಲ್ಲಿಯೂ ತಾಯಿಯೇ ಆಸರೆ. ಹೊಸ ಬಡಾವಣೆಯಲ್ಲಿ ಮನೆ ವಿಶಾಲವಾಯಿತು, ತೋಟ ಬಂದಿತು. ಆದರೆ ತಾಯಿ ದೂರವಾದಳು, ನೆರೆಯವರು ಹತ್ತಿರವಾಗಲಿಲ್ಲ. ಗಂಡನು ಕೆಲಸಕ್ಕೆ ಹೋದ ಮೇಲೆ ಮನೆಯಲ್ಲುಳಿದ ಹೆಂಡತಿಯ ಪಾಲಿಗೆ ಆ ಹಸುರು ಬೀದಿ ಬಿಕೋ ಎನ್ನುತ್ತಿತ್ತು. ಈ ಕೊರಗು ಇಂದಿಗೂ ಹೋಗಿಲ್ಲ. ೨೦೧೮ರಲ್ಲಿ ಬ್ರಿಟಿಷ್ ಸರ್ಕಾರವು ಒಂಟಿತನದ ವಿಷಯವನ್ನು ನೋಡಿಕೊಳ್ಳಲು ಒಬ್ಬ ಮಂತ್ರಿಯನ್ನೇ ನೇಮಿಸಬೇಕಾಯಿತೆಂದರೆ ಇದರ ಗುರುತ್ವವನ್ನು ಊಹಿಸಬಹುದು.

ಹಾಗೆಂದು ಬೇಲಿಯ ಬಾಗಿಲು ಎಂದೂ ತೆರೆಯದೆಂದು ತಿಳಿಯಬಾರದು. ೧೯೪೫ರಲ್ಲಿ ಯುದ್ಧ ಮುಗಿದಾಗ, ೧೯೫೩ರ ಪಟ್ಟಾಭಿಷೇಕದಲ್ಲಿ, ಮತ್ತೆ ೧೯೭೭, ೨೦೧೨, ೨೦೨೨ರ ರಾಣಿಯ ಉತ್ಸವಗಳಲ್ಲಿ ಬೀದಿಯ ನಡುವೆ ಮೇಜುಗಳನ್ನು ಜೋಡಿಸಿ ನೆರೆಹೊರೆಯವರೆಲ್ಲ ಕೂಡಿ ಉಂಡರು. ೨೦೨೦ರಲ್ಲಿ ಕೋವಿಡ್ ಪಿಡುಗು ಹರಡಿದಾಗ, ಮಾರ್ಚ್ ೨೬ರಿಂದ ಹತ್ತು ಗುರುವಾರಗಳು ರಾತ್ರಿ ಎಂಟು ಗಂಟೆಗೆ ಜನರು ತಮ್ಮ ತಮ್ಮ ಬಾಗಿಲಲ್ಲಿ ನಿಂತು ದಾದಿಯರಿಗೂ ವೈದ್ಯರಿಗೂ ಕೃತಜ್ಞತೆಯಿಂದ ಚಪ್ಪಾಳೆ ತಟ್ಟಿದರು. ಪರಸ್ಪರ ಹೆಸರನ್ನರಿಯದವರು ಮುದುಕರ ಮನೆಗಳಿಗೆ ದಿನಸಿಯನ್ನೂ ಔಷಧವನ್ನೂ ತಂದುಕೊಟ್ಟರು.

ಉಪನಗರದ ಮುಖವೂ ಬದಲಾಗಿದೆ. ೧೯೭೨ರಲ್ಲಿ ಉಗಾಂಡದಿಂದ ಹೊರದೂಡಲ್ಪಟ್ಟು ಬ್ರಿಟನ್ನಿಗೆ ಬಂದ ೨೭,೦೦೦ಕ್ಕೂ ಮಿಕ್ಕ ಏಷ್ಯದವರಲ್ಲಿ ಅನೇಕರು ವೆಂಬ್ಲಿ, ಹ್ಯಾರೊ ಮುಂತಾದೆಡೆಗಳಲ್ಲಿ ನೆಲೆಸಿದರು. ೨೦೨೧ರ ಜನಗಣತಿಯ ಪ್ರಕಾರ ಹ್ಯಾರೊ ಆಡಳಿತಪ್ರದೇಶದಲ್ಲಿ ನೂರಕ್ಕೆ ೨೫.೮ರಷ್ಟು ಮಂದಿ ಹಿಂದೂಗಳು. ಇಂಗ್ಲೆಂಡ್ ವೇಲ್ಸ್‌ಗಳಲ್ಲಿ ಇಷ್ಟು ಪ್ರಮಾಣ ಮತ್ತೆಲ್ಲಿಯೂ ಇಲ್ಲ. ರೈಲು ಕಂಪನಿಯವರು ಕನಸು ಕಂಡ ಆ ಮೆಟ್ರೊಲ್ಯಾಂಡಿನ ಜೋಡಿಮನೆಗಳ ಮುಂದೆ ಈಗ ದೀಪಾವಳಿಯ ಹಣತೆಗಳು ಉರಿಯುತ್ತವೆ.

ಅಲ್ಲಿಗೆ ಹೊಸದಾಗಿ ಹೋಗುವ ಗೃಹಸ್ಥರಿಗೂ, ಆರು ತಿಂಗಳಿಗೆಂದು ಹೋಗುವ ಹಿರಿಯರಿಗೂ ಒಂದೆರಡು ಮಾತು. ನೆರೆಯವರು ತಾವಾಗಿ ಬರಲೆಂದು ಕಾಯುತ್ತ ಕುಳಿತುಕೊಳ್ಳಬೇಡಿರಿ. ನಿಮ್ಮ ಏಕಾಂತಕ್ಕೆ ಭಂಗವಾದೀತೆಂದು ಅವರೂ ಹಿಂಜರಿಯುತ್ತಿರಬಹುದು. ಎರಡು ಪಕ್ಕದ ಮನೆಗಳ ಬಾಗಿಲು ತಟ್ಟಿ ಹೆಸರು ಹೇಳಿ, ಎರಡೇ ನಿಮಿಷ ನಿಂತು ಬನ್ನಿರಿ. ನಡುಗೋಡೆ ಸದ್ದನ್ನು ತಡೆಯಲಾರದು. ಆದುದರಿಂದ ಅರೆಯುವ ಯಂತ್ರವನ್ನು ಹೊತ್ತಲ್ಲದ ಹೊತ್ತಿನಲ್ಲಿ ಓಡಿಸಬೇಡಿರಿ. ಮನೆಯಲ್ಲಿ ಸಮಾರಂಭವಿದ್ದರೆ ಮುಂಚೆಯೇ ತಿಳಿಸಿ, ಒಂದು ತಟ್ಟೆ ಸಿಹಿಯನ್ನು ಕೊಟ್ಟು ಬನ್ನಿರಿ. ಹಗಲು ಒಬ್ಬರೇ ಉಳಿಯುವ ಹಿರಿಯರು ಪುಸ್ತಕಾಲಯಕ್ಕೂ ಉದ್ಯಾನಕ್ಕೂ ಪ್ರತಿದಿನ ಒಂದೇ ಹೊತ್ತಿಗೆ ಹೋಗುತ್ತಿದ್ದರೆ, ಕೆಲವು ವಾರಗಳಲ್ಲಿ ಮುಖಪರಿಚಯ ಬೆಳೆದು ಮಾತಿಗೆ ಎಡೆಯಾಗುವುದು. ಮುಂದಿನ ತೋಟದಲ್ಲಿ ನಿಂತು ಗಿಡ ಸವರುವುದಂತೂ ನೆರೆಯವರನ್ನು ಮಾತಿಗೆಳೆಯಲು ಒಳ್ಳೆಯ ಉಪಾಯ.

ಬೇಲಿಯಿಲ್ಲದ ನೆರೆಯಲ್ಲಿ ನೆಮ್ಮದಿಯಿಲ್ಲ; ಬಾಗಿಲಿಲ್ಲದ ಬೇಲಿಯೊಳಗೆ ಬಾಳಿಲ್ಲ. ಬೇಲಿ ಹಾಕುವ ಬಗೆಯನ್ನು ಆಂಗ್ಲರು ಚೆನ್ನಾಗಿ ಬಲ್ಲರು. ಅದರಲ್ಲಿ ಬಾಗಿಲಿರಿಸಿ ಮೊದಲು ತೆರೆಯುವ ಕೆಲಸವನ್ನು, ಅಲ್ಲಿಗೆ ಹೋಗಿ ನೆಲೆಸುವ ನಮ್ಮವರು ಸಂಕೋಚಪಡದೆ ವಹಿಸಿಕೊಳ್ಳಬಹುದು.