ಕರೆಂಟ್ ಹೋದ ಮೇಲಿನ ಪಾಠ

ಕಪಾಟಿನೊಳಗೆ ಬಲ್ಬ್ ಉರಿಯುತ್ತಿತ್ತು. ಶಿರಸಿ ಪೇಟೆಯಿಂದ ಹತ್ತು ಹನ್ನೆರಡು ಕಿಲೋಮೀಟರ್ ಒಳಗಿರುವ ಒಂದು ಸರ್ಕಾರಿ ಪ್ರೌಢಶಾಲೆ. ಹೊರಗೆ ಆಷಾಢದ ಮಳೆ. ತಗಡಿನ ಕಪಾಟಿನ ತಳದಲ್ಲಿ ಹಳೇ ಕಾಲದ 40 ವ್ಯಾಟಿನ ಬಲ್ಬು, ಅದರ ಮೇಲಿನ ಅರೆಯಲ್ಲಿ ಪ್ರೊಜೆಕ್ಟರು, ಎರಡು ಲ್ಯಾಪ್‌ಟಾಪು.

“ಬೂಷ್ಟು ಹಿಡೀತದೆ ಸರ್” ಎಂದರು ಗಣಿತದ ಮಾಸ್ತರು. ಹಿಂದೊಂದು ಮಳೆಗಾಲದಲ್ಲಿ ಲೆನ್ಸಿಗೇ ಬೂಷ್ಟು ಬಂದು, ಗೋಡೆಯ ಮೇಲೆ ಬಿದ್ದ ಚಿತ್ರವೆಲ್ಲ ಮಂಜು ಕವಿದ ದೇವಿಮನೆ ಘಟ್ಟದ ಹಾಗೆ ಕಂಡಿತಂತೆ. ಆಮೇಲೆ ಈ ಉಪಾಯ. ಒದ್ದೆ ಕಂಬಳಿಯನ್ನು ಬಚ್ಚಲೊಲೆಯ ಬಳಿ ಹರವುವ ಮನೆಬುದ್ಧಿಯೇ ಇಲ್ಲಿ ಪ್ರೊಜೆಕ್ಟರನ್ನೂ ಕಾಯುತ್ತಿದೆ. ಕರೆಂಟು ಹೋದರೆ ಬಲ್ಬೂ ಆರುತ್ತದೆ ಎನ್ನಿ.

ನಾನು ಹೋದದ್ದು ಪ್ರೊಜೆಕ್ಟರು ನೋಡಲಿಕ್ಕಲ್ಲ, ಪ್ರಶಿಕ್ಷಣಾರ್ಥಿಗಳನ್ನು ನೋಡಲಿಕ್ಕೆ. ನಾಳೆ ಮಾಸ್ತರು, ಅಕ್ಕೋರು ಆಗುವವರು ಇವತ್ತು ಇಂಥ ಶಾಲೆಗಳಲ್ಲಿ ಏನು ಕಲಿಯುತ್ತಾರೆ ಎಂಬ ಕುತೂಹಲ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು (ಎನ್‌ಸಿಟಿಇ) 2014ರಲ್ಲಿ ನಿಯಮ ಬದಲಿಸಿದ ಮೇಲೆ ಬಿ.ಇಡಿ. ಎರಡು ವರ್ಷದ್ದಾಯಿತು. ಶಾಲೆಯಲ್ಲಿ ಇಂಟರ್ನ್‌ಶಿಪ್ಪು 20 ವಾರಕ್ಕೆ ಏರಿತು. ‘ಐಸಿಟಿಯ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ) ವಿಮರ್ಶಾತ್ಮಕ ತಿಳಿವಳಿಕೆ’ ಎಂಬ ವಿಷಯವೂ ಪಠ್ಯಕ್ರಮಕ್ಕೆ ಸೇರಿತು. ಹೆಸರಿನಲ್ಲಿ ‘ವಿಮರ್ಶಾತ್ಮಕ’ ಎಂದಿರುವುದನ್ನು ಗಮನಿಸಬೇಕು. ಕಾಲೇಜುಗಳಲ್ಲಿ ಬಹಳ ಸಲ ಅದು ಪಿಪಿಟಿ ಮಾಡಿ ತೋರಿಸುವಲ್ಲಿಗೆ ಮುಗಿಯುತ್ತದೆ. ಪಠ್ಯಪುಸ್ತಕದ ಸಾಲನ್ನೇ ಸ್ಲೈಡಿಗೆ ಇಳಿಸಿ, ಅದನ್ನೇ ಗಟ್ಟಿಯಾಗಿ ಓದುವುದು. ಕರಿಹಲಗೆ ಬಿಳಿ ಪರದೆಯಾಯಿತು, ಅಷ್ಟೇ.

ಆ ದಿನ ಒಂಬತ್ತನೇ ತರಗತಿಗೆ ಪಾಠ ಮಾಡಲು ಬಂದ ಪ್ರಶಿಕ್ಷಣಾರ್ಥಿ ಹುಡುಗಿ ಪಿಪಿಟಿ ತಂದಿರಲಿಲ್ಲ. ಲಿಬ್ರೆ ಆಫೀಸಿನ ಲೆಕ್ಕದ ಹಾಳೆಯೊಂದನ್ನು ಗೋಡೆಯ ಮೇಲೆ ತೆರೆದಳು. ಮೊದಲ ಚೌಕದಲ್ಲಿ 9. ಅಡಿಕೆ ಸಸಿಯಿಂದ ಸಸಿಗೆ ಒಂಬತ್ತು ಅಡಿ. ಎರಡನೆಯದರಲ್ಲಿ ಅದರ ವರ್ಗ, 81. ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ, ಅಂದರೆ 1089 ಚದರಡಿ. ಅದನ್ನು 81ರಿಂದ ಭಾಗಿಸಿದರೆ ಮೂರನೆಯ ಚೌಕದಲ್ಲಿ 13.44. ಗುಂಟೆಗೆ ಹದಿಮೂರು ಸಸಿ, ಎಕರೆಗೆ 537. ಮಕ್ಕಳೆಲ್ಲ ತೋಟದ ಮನೆಯವರು ಅಥವಾ ತೋಟಕ್ಕೆ ಕೆಲಸಕ್ಕೆ ಹೋಗುವವರ ಮನೆಯವರು, ಕಣ್ಣು ಅರಳಿತು. ‘ಎಂಟು ಹಾಕಿ ಟೀಚರ್, ಎಂಟು ಹಾಕಿ’ ಎಂದು ಹಿಂದಿನ ಬೆಂಚಿನಿಂದ ಕೂಗು. ಆಕೆ 9ನ್ನು ಅಳಿಸುವಷ್ಟರಲ್ಲಿ ಗೋಡೆ ಕಪ್ಪಾಯಿತು.

ಇಂಥ ಹೊತ್ತಿನಲ್ಲಿ ಹೊಸಬರು ಸಾಮಾನ್ಯವಾಗಿ ಪ್ಲಗ್ಗಿನ ಕಡೆ ಓಡುತ್ತಾರೆ. ಈಕೆ ಒಂದು ಕ್ಷಣ ನಿಂತಳು. ಆಮೇಲೆ ಬೆಂಚಿನ ಮೂರು ಸಾಲುಗಳತ್ತ ಕೈ ತೋರಿಸಿ, “ನೀವೇ ಚೌಕ” ಎಂದಳು. ಮೊದಲ ಸಾಲಿನವರು ಸಂಖ್ಯೆ ಹೇಳಬೇಕು, ಎರಡನೆಯವರು ವರ್ಗ ಮಾಡಬೇಕು, ಮೂರನೆಯವರು 1089ನ್ನು ಅದರಿಂದ ಭಾಗಿಸಬೇಕು. “ಎಂಟು!” “ಅರವತ್ತನಾಲ್ಕು!” ಮೂರನೆಯ ಸಾಲಿನಲ್ಲಿ ಪೆನ್ಸಿಲಿನ ಗಲಾಟೆ. “ಹದಿನೇಳು!” ಗುಂಟೆಗೆ ನಾಲ್ಕು ಸಸಿ ಹೆಚ್ಚಾಯಿತಲ್ಲ ಎಂದು ಎಲ್ಲರೂ ಖುಷಿಯಲ್ಲಿರುವಾಗ ಒಬ್ಬ ಹುಡುಗ ಎದ್ದು, “ಹತ್ರ ಹತ್ರ ನೆಟ್ರೆ ಮರ ಬಿಸಿಲಿಗಾಗಿ ಉದ್ದಕ್ಕೆ ಹೋಗ್ತದೆ, ಕೊನೆ ಸಣ್ಣ ಆಗ್ತದೆ ಅಂತಾರೆ ಅಪ್ಪ” ಎಂದ. ಲೆಕ್ಕದ ಹಾಳೆಗೆ ಆ ಚೌಕ ಗೊತ್ತಿರಲಿಲ್ಲ. ಕರೆಂಟು ಬಂದದ್ದು ಗಂಟೆ ಹೊಡೆದ ಮೇಲೆ.

ಆಮೇಲೆ ಸ್ಟಾಫ್ ರೂಮಿನಲ್ಲಿ ಕೇಳಿದೆ, ಇದನ್ನು ಕಾಲೇಜಿನಲ್ಲಿ ಹೇಳಿಕೊಟ್ಟರೇ ಎಂದು. ಇಲ್ಲವಂತೆ. ಅಲ್ಲಿ ಸೂಕ್ಷ್ಮ ಬೋಧನೆ ನಡೆಯುವುದು ಇನ್ವರ್ಟರ್ ಇರುವ ಹಾಲಿನಲ್ಲಿ. “ಮನೇಲಿ ದಿನಾ ಕರೆಂಟ್ ಹೋಗ್ತದಲ್ಲ ಸರ್, ಅಭ್ಯಾಸ” ಎಂದು ನಕ್ಕಳು.

ಈ ಶಾಲೆ ಇರುವ ಉತ್ತರ ಕನ್ನಡದಲ್ಲಿ ಶೈಕ್ಷಣಿಕ ಜಿಲ್ಲೆ ಎರಡು. ಕರಾವಳಿಯ ತಾಲೂಕುಗಳಿಗೆ ಕಾರವಾರ, ಘಟ್ಟದ ಮೇಲಿನವಕ್ಕೆ ಶಿರಸಿ. ಬ್ರಿಟಿಷರು 1862ರಲ್ಲಿ ಈ ಜಿಲ್ಲೆಯನ್ನು ಮುಂಬೈ ಪ್ರಾಂತಕ್ಕೆ ಸೇರಿಸಿದರು. ಅಂದಿನಿಂದ 1956ರವರೆಗೆ ಇಲ್ಲಿಯ ಶಾಲೆ, ಇನ್‌ಸ್ಪೆಕ್ಟರು, ಪಠ್ಯ ಎಲ್ಲ ಮುಂಬೈ ಇಲಾಖೆಯ ಲೆಕ್ಕ. ಮಾಸ್ತರಿಕೆಯ ತರಬೇತಿ ಎಂದರೆ ಧಾರವಾಡದ ಟ್ರೇನಿಂಗ್ ಕಾಲೇಜು. ಇಂದಿಗೂ ಬಿ.ಇಡಿ.ಗಾಗಿ ಇಲ್ಲಿನ ಮಕ್ಕಳು ಕುಮಟೆಗೋ ಧಾರವಾಡಕ್ಕೋ ಹೋಗುವುದುಂಟು. ಕೆಲವರು ಇಂಟರ್ನ್‌ಶಿಪ್ಪಿಗೆ ಊರಿನ ಹತ್ತಿರದ ಶಾಲೆಯನ್ನೇ ಕೇಳಿ ಪಡೆಯುತ್ತಾರೆ. ಅದು ಒಳ್ಳೆಯದೇ ಎಂದು ನನಗನ್ನಿಸಿತು.

ಸಿದ್ದಾಪುರದ ಬಸ್ಸು ಕಾನಸೂರು ದಾಟುವಾಗ ಪಕ್ಕದ ಸೀಟಿನ, ಡಿ.ಎಲ್.ಇಡಿ. (ಪ್ರಾಥಮಿಕ ಶಿಕ್ಷಕರ ತರಬೇತಿ) ಓದುತ್ತಿರುವ ಹುಡುಗ ಮೊಬೈಲು ತೆಗೆದು ತನ್ನ ‘ಖಜಾನೆ’ ತೋರಿಸಿದ. ಪಠ್ಯಪುಸ್ತಕದ ಕ್ಯೂಆರ್ ಕೋಡಿಗೆ ಮೊಬೈಲು ಹಿಡಿದರೆ ದೀಕ್ಷಾ ಆ್ಯಪಿನಲ್ಲಿ ಪಾಠದ ವಿಡಿಯೋ ತೆರೆಯಬೇಕು. ದೀಕ್ಷಾ 2017ರಲ್ಲಿ ಶುರುವಾದ ವೇದಿಕೆ. ಆದರೆ ಅವನ ಶಾಲೆಯಲ್ಲಿ ನೆಟ್‌ವರ್ಕ್ ಇಲ್ಲ. ಹಾಗಾಗಿ ಹಿಂದಿನ ರಾತ್ರಿ ರಸ್ತೆಯ ಒಂದು ತಿರುವಿಗೆ ಬೈಕಿನಲ್ಲಿ ಹೋಗಿ, ನಾಳೆಗೆ ಬೇಕಾದ್ದನ್ನೆಲ್ಲ ಇಳಿಸಿಕೊಂಡು ಬರುತ್ತಾನೆ. 2020ರಲ್ಲಿ ಕೋವಿಡ್‌ನಿಂದ ಶಾಲೆ ಮುಚ್ಚಿದಾಗ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕಿನ ಮಕ್ಕಳು ಗುಡ್ಡದ ತಲೆಯಲ್ಲಿ ತಾಡಪಾಲಿನ ಗುಡಿಸಲು ಕಟ್ಟಿ ಆನ್‌ಲೈನ್ ಪಾಠ ಕೇಳಿದರಲ್ಲ, ಅವರಲ್ಲಿ ಇವನೂ ಒಬ್ಬ. ಎಲ್ಲಿ ಎಷ್ಟು ಗೆರೆ ಸಿಗ್ನಲ್ ಎಂಬುದು ಅವನಿಗೆ ಬಾಯಿಪಾಠ.

ಅವನ ಜೊತೆ ಅವನ ಶಾಲೆಗೆ ಹೋದೆ. ಅಲ್ಲಿ ಒಬ್ಬರೇ ಮಾಸ್ತರು, ಐದು ತರಗತಿ, ಮಕ್ಕಳು ಹದಿನಾಲ್ಕು. ಒಂದರಿಂದ ಮೂರರವರೆಗಿನವರು ನಲಿ-ಕಲಿಯ ಕಾರ್ಡುಗಳೊಂದಿಗೆ ಒಂದು ಮೂಲೆ ಹಿಡಿದಿದ್ದರು. ನಾಲ್ಕು ಐದರವರನ್ನು ಸುತ್ತ ಕೂರಿಸಿಕೊಂಡು ಹುಡುಗ ಆರು ನಿಮಿಷದ ವಿಡಿಯೋ ತೋರಿಸಿದ, ಎರಡು ಕಡೆ ನಿಲ್ಲಿಸಿ ಪ್ರಶ್ನೆ ಕೇಳಿದ. ಹೆಚ್ಚು ಹೊಳಪಿಲ್ಲದ ಕೆಲಸ. ಆ ಆರು ನಿಮಿಷದಲ್ಲಿ ಮಾಸ್ತರು ಚಿಕ್ಕವರ ಬಳಿ ಕೂತು, ಒತ್ತಕ್ಷರದಲ್ಲಿ ಎಡವುತ್ತಿದ್ದ ಒಂದು ಹುಡುಗಿಯ ಕೈ ಹಿಡಿದು ಬರೆಸಿದರು. ಏಕೋಪಾಧ್ಯಾಯ ಶಾಲೆಯಲ್ಲಿ ಮೊಬೈಲಿನ ಲಾಭ ಮೊಬೈಲಿನಲ್ಲಿಲ್ಲ, ಬಿಡುವಾದ ಮಾಸ್ತರ ಕೈಯಲ್ಲಿದೆ.

ಯಲ್ಲಾಪುರದ ಕಡೆ ಮಂಚಿಕೇರಿ ದಾಟಿದ ಮೇಲೆ ಕಾಡು ದಟ್ಟವಾಗುತ್ತದೆ, ಮನೆ ದೂರ ದೂರ. ಇಲ್ಲಿಯ ಕೆಲವು ಶಾಲೆಗಳಲ್ಲಿ ಸಿದ್ದಿ ಸಮುದಾಯದ ಮಕ್ಕಳಿದ್ದಾರೆ. ಮನೆಮಾತು ಬಹುತೇಕ ಕೊಂಕಣಿ, ಶಾಲೆಯ ಮಾತು ಕನ್ನಡ. ಇಲ್ಲಿಯ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಓದಿ ಮುಂದೆ ಬರುತ್ತಿರುವ ತಲೆಮಾರು ಈಗಿನದು. ಇಲ್ಲಿ ಕಂಡ ಪ್ರಶಿಕ್ಷಣಾರ್ಥಿ ಮೊಬೈಲಿನ ರೆಕಾರ್ಡರ್ ಬಿಟ್ಟರೆ ಬೇರೇನೂ ಬಳಸಲಿಲ್ಲ. ಒಬ್ಬ ಹುಡುಗಿ ತನ್ನ ಅಜ್ಜಿಯಿಂದ ಕಥೆ ಹೇಳಿಸಿ ರೆಕಾರ್ಡು ಮಾಡಿಕೊಂಡು ಬಂದಿದ್ದಳು. ಸಣ್ಣ ಸ್ಪೀಕರಿನಲ್ಲಿ ಅಜ್ಜಿಯ ದನಿ ಕೇಳಿದ್ದೇ ತಡ, ಇಷ್ಟು ಹೊತ್ತು ನೆಲ ನೋಡುತ್ತಿದ್ದ ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಕನ್ನಡದಲ್ಲಿ ಅರ್ಥ ಹೇಳತೊಡಗಿದರು. ಅದೇ ಕಥೆಯನ್ನು ‘ಮಾತಾಡಿ ಟೈಪ್ ಮಾಡು’ ಸೌಲಭ್ಯಕ್ಕೆ ಕೊಟ್ಟು ನೋಡಿದರೆ ಪರದೆಯ ಮೇಲೆ ಏನೇನೋ ಮೂಡಿತು. ಆ ತಪ್ಪು ತಿದ್ದುವುದೇ ಉಳಿದ ಅರ್ಧ ಗಂಟೆಯ ಪಾಠ. ವಿಮರ್ಶಾತ್ಮಕ ತಿಳಿವಳಿಕೆ ಎಂದರೆ ಇದೇ ಇರಬೇಕು.

ಶಿಕ್ಷಕರಿಗೆ ತಂತ್ರಜ್ಞಾನ ಕಲಿಸುವ ಪ್ರಯತ್ನ ರಾಜ್ಯದಲ್ಲಿ ನಡೆದಿಲ್ಲವೆಂದಲ್ಲ. 2011ರಲ್ಲಿ ಐಟಿ ಫಾರ್ ಚೇಂಜ್ ಸಂಸ್ಥೆ ಮತ್ತು ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಸೇರಿ ಶುರುಮಾಡಿದ ವಿಷಯ ಶಿಕ್ಷಕರ ವೇದಿಕೆ, ಪ್ರೌಢಶಾಲೆಯ ಶಿಕ್ಷಕರಿಗೆ ಗಣಿತದ ಜಿಯೋಜೀಬ್ರಾದಂಥ ಮುಕ್ತ ತಂತ್ರಾಂಶ ಕಲಿಸಿತು. ಪಾಠ ಸಾಮಗ್ರಿಯನ್ನು ಶಿಕ್ಷಕರೇ ಕನ್ನಡದಲ್ಲಿ ಬರೆದುಕೊಳ್ಳುವ ಅಭ್ಯಾಸ ಹಾಕಿತು. ಈ ತಂತ್ರಾಂಶದ ಸೊಗಸೆಂದರೆ, ಒಮ್ಮೆ ಹಾಕಿಕೊಂಡ ಜಿಯೋಜೀಬ್ರಾ ನೆಟ್ ಇಲ್ಲದೆಯೂ ನಡೆಯುತ್ತದೆ. ಘಟ್ಟದ ಶಾಲೆಗೆ ಇದಕ್ಕಿಂತ ದೊಡ್ಡ ಗುಣ ಬೇಕಿಲ್ಲ.

ಬಿ.ಇಡಿ. ಪಾಠಯೋಜನೆಯ ಪುಸ್ತಕದಲ್ಲಿ ‘ಬೋಧನೋಪಕರಣ’ ಎಂಬ ಕಾಲಂ ಇದೆ. ಅದರ ಪಕ್ಕದಲ್ಲಿ ‘ಕರೆಂಟು ಹೋದರೆ?’ ಎಂಬ ಇನ್ನೊಂದು ಕಾಲಂ ಎಳೆಸಿ, ಅದಕ್ಕೂ ಅಂಕ ಕೊಡಿ ಎಂದು ಬಿ.ಇಡಿ. ಕಾಲೇಜುಗಳನ್ನು ಕೇಳಿಕೊಳ್ಳುತ್ತೇನೆ. ಇನ್ನು, ಹಬ್ಬಕ್ಕೆ ಊರಿಗೆ ಬಂದು ಕಲಿತ ಶಾಲೆಗೆ ಸ್ಮಾರ್ಟ್ ಟಿವಿ ಕೊಟ್ಟು ಫೋಟೋ ತೆಗೆಸಿಕೊಳ್ಳುವ ಹಳೇ ವಿದ್ಯಾರ್ಥಿಗಳಲ್ಲಿ ಒಂದು ಮಾತು: ಮುಂದಿನ ಸಲ ಇನ್ವರ್ಟರ್ ಕೊಡಿ. ಟಿವಿ ಆಗಲೇ ಇದೆ, ಬಟ್ಟೆ ಮುಚ್ಚಿಕೊಂಡು ಕೂತಿದೆ.