ರಾತ್ರಿಯ ಸಂತೋಷಕ್ಕೂ ವಿವೇಕದ ಕಾವಲು

ಪರೀಕ್ಷೆ ಮುಗಿದ ಸಂಜೆ, ಗೆಳೆಯನ ಹುಟ್ಟುಹಬ್ಬ, ಕಾಲೇಜಿನ ವಾರ್ಷಿಕೋತ್ಸವ, ಹೊಸ ವರುಷದ ಮುನ್ನಾದಿನ – ವಿದ್ಯಾರ್ಥಿ ಜೀವನದಲ್ಲಿ ರಾತ್ರಿ ಹೊರಗೆ ಕಳೆಯುವ ಸಂದರ್ಭಗಳು ಹಲವು. ಕರಾವಳಿಯ ನಮ್ಮ ಮನೆಗಳಿಂದ ಬೆಂಗಳೂರು, ಮೈಸೂರುಗಳಿಗೆ ಓದಲು ಹೋದ ಮಕ್ಕಳು ಹಾಸ್ಟೆಲುಗಳಲ್ಲಿ, ಪಿ.ಜಿ.ಗಳಲ್ಲಿ ವಾಸಿಸುತ್ತಾರೆ. ಅವರು ಎಷ್ಟು ಹೊತ್ತಿಗೆ ಹಿಂತಿರುಗಿದರೆಂಬುದು ಊರಿನಲ್ಲಿರುವ ಹೆತ್ತವರಿಗೆ ತಿಳಿಯುವುದಿಲ್ಲ. ಆದುದರಿಂದ ‘ಹೋಗಬೇಡ’ ಎಂಬ ಒಂದೇ ಮಾತಿನಿಂದ ನಮ್ಮ ಹೊಣೆ ತೀರಿತೆಂದು ಭಾವಿಸಲಾಗದು.

ತತ್ತ್ವಜ್ಞಾನಿಗಳು ವಿವೇಕವನ್ನು ಸದ್ಗುಣಗಳ ಸಾಲಿನಲ್ಲಿ ಮೊದಲು ನಿಲ್ಲಿಸಿದ್ದಾರೆ. ಭಯ ಮನುಷ್ಯನನ್ನು ಕಟ್ಟಿಹಾಕುತ್ತದೆ. ವಿವೇಕ ಮುಂದಿನ ಹೆಜ್ಜೆಯನ್ನು ಮೊದಲೇ ಕಾಣುತ್ತದೆ. ಹೊರಡುವ ಮುನ್ನವೇ ಹಿಂತಿರುಗುವ ದಾರಿಯನ್ನು ಗೊತ್ತುಮಾಡಿಕೊಳ್ಳುವುದು ವಿವೇಕ. ಎಲ್ಲಿಗೆ, ಯಾರೊಂದಿಗೆ, ಎಷ್ಟು ಹೊತ್ತಿಗೆ ವಾಪಸು ಎಂಬುದು ಕೋಣೆಯ ಸಂಗಾತಿಗೆ ತಿಳಿದಿರಲಿ. ಮೊಬೈಲು ಪೂರ್ತಿ ಚಾರ್ಜ್ ಆಗಿರಲಿ. ಅದು ಕೈಕೊಟ್ಟೀತೆಂದು ಮುಖ್ಯವಾದ ನಂಬರೊಂದು ಚೀಟಿಯಲ್ಲಿ, ಆಟೋ ಬಾಡಿಗೆಗಾಗುವಷ್ಟು ಹಣ ಜೇಬಿನಲ್ಲಿ ಇರಲಿ. ಟ್ಯಾಕ್ಸಿ ಹತ್ತುವ ಮುನ್ನ ನಂಬರನ್ನು ತಾಳೆ ನೋಡಬೇಕು. ಕಣ್ಣಿನಿಂದ ಮರೆಯಾಗಿದ್ದ ಲೋಟದಿಂದ, ಅದು ತಂಪು ಪಾನೀಯವೇ ಆಗಿರಲಿ, ಮತ್ತೆ ಕುಡಿಯಬಾರದು. ಗುಂಪಾಗಿ ಹೋದವರು ಗುಂಪಾಗಿಯೇ ಮರಳಬೇಕು.

ಮದ್ಯದ ವಿಷಯವನ್ನು ಮರೆಮಾಚಿ ಫಲವಿಲ್ಲ. ಕುಡಿದವನು ವಾಹನ ನಡೆಸಬಾರದು. ಅಂಥವನ ಬೈಕಿನ ಹಿಂದೆ ಕುಳಿತುಕೊಳ್ಳಲೂಬಾರದು. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೊಹಾಲ್ ಕಂಡುಬಂದರೆ ಮೊದಲನೆಯ ತಪ್ಪಿಗೇ 10,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಲು ಕಾನೂನಿನಲ್ಲಿ ಅವಕಾಶವಿದೆ. ಮಜ್ಜಿಗೆ, ಲಿಂಬೆರಸ, ಕಾಫಿ, ತಣ್ಣೀರು ಸ್ನಾನ – ಇವುಗಳಿಂದ ಅಮಲು ಇಳಿಯುತ್ತದೆಂಬುದು ಬರಿಯ ಭ್ರಮೆ. ಯಕೃತ್ತು ತನ್ನ ನಿಧಾನಗತಿಯಲ್ಲಿಯೇ ಕೆಲಸ ಮಾಡುತ್ತದೆ. ಅದನ್ನು ಅವಸರಪಡಿಸುವ ಉಪಾಯವಿಲ್ಲ.

ಇದಕ್ಕಿಂತಲೂ ಅಪಾಯಕಾರಿಯಾದುದು ‘ಮಲಗಿದರೆ ಸರಿಹೋದೀತು’ ಎಂಬ ಮಾತು. ಕುಡಿಯುವುದನ್ನು ನಿಲ್ಲಿಸಿದ ಬಳಿಕವೂ ಹೊಟ್ಟೆಯಲ್ಲಿ ಉಳಿದಿರುವ ಮದ್ಯ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಅಂಗಾತ ಮಲಗಿದವನು ವಾಂತಿ ಮಾಡಿಕೊಂಡರೆ ಉಸಿರುಗಟ್ಟಿ ಸಾಯಬಹುದು. ಅವನನ್ನು ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಬೇಕು, ಒಂಟಿಯಾಗಿ ಬಿಟ್ಟುಹೋಗಬಾರದು. ಕರೆದರೂ ಅಲುಗಿಸಿದರೂ ಎಚ್ಚರಗೊಳ್ಳದಿದ್ದರೆ, ಉಸಿರಾಟ ತೀರ ನಿಧಾನವಾದರೆ, ಮೈ ತಣ್ಣಗಾಗಿ ತುಟಿ ನೀಲಿಗಟ್ಟಿದರೆ ತಡಮಾಡದೆ 108 ಅಥವಾ 112ಕ್ಕೆ ಕರೆಮಾಡಬೇಕು.

ಇಷ್ಟೆಲ್ಲ ತಿಳಿದಿದ್ದರೂ ಮಕ್ಕಳು ಕರೆಮಾಡಲು ಹಿಂಜರಿಯುವುದೇಕೆ? ವಾರ್ಡನ್ನರ ಭಯ, ಪೊಲೀಸರ ಭಯ, ಎಲ್ಲಕ್ಕಿಂತ ಮಿಗಿಲಾಗಿ ಮನೆಯವರ ಭಯ. ಪೊಲೀಸರ ಭಯಕ್ಕೆ ಕಾನೂನೇ ಒಂದಿಷ್ಟು ಪರಿಹಾರ ನೀಡಿದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯು ರಸ್ತೆ ಅಪಘಾತದ ಗಾಯಾಳುವಿಗೆ ಸದುದ್ದೇಶದಿಂದ ನೆರವಾದವನಿಗೆ ರಕ್ಷಣೆ ಕೊಟ್ಟಿದೆ. ಅಂಥವನನ್ನು ಅದು ‘ಗುಡ್ ಸಮಾರಿಟನ್’ ಎಂದೇ ಕರೆಯುತ್ತದೆ. ದಾರಿಯಲ್ಲಿ ಬಿದ್ದವನನ್ನು ಕಂಡೂ ಕಾಣದಂತೆ ಹಾದುಹೋದವರ ಕಥೆ ನಮಗೆ ಹೊಸತಲ್ಲ; ಗೆಳೆಯನನ್ನು ಆಸ್ಪತ್ರೆಯ ಬಾಗಿಲಲ್ಲಿ ಬಿಟ್ಟು ಓಡಿಹೋಗುವವನೂ ಅವರ ಸಾಲಿಗೇ ಸೇರುತ್ತಾನೆ.

ಆದರೆ ಮನೆಯವರ ಭಯವನ್ನು ನೀಗಿಸುವ ಕಾನೂನು ಯಾವುದೂ ಇಲ್ಲ. ಅದು ಹೆತ್ತವರ ಕೈಯಲ್ಲಿದೆ. ನಡುರಾತ್ರಿ ಮಗಳು ಅಳುತ್ತಾ ಕರೆಮಾಡಿದಾಗ ‘ಅಲ್ಲಿಗೇಕೆ ಹೋದೆ?’ ಎಂಬುದು ನಮ್ಮ ಮೊದಲ ಪ್ರಶ್ನೆಯಾದರೆ, ಇನ್ನೊಮ್ಮೆ ಅವಳು ಕರೆಮಾಡಲಾರಳು. ಅವಳಿಗೆ ಯಾರಾದರೂ ಕೇಡು ಬಗೆದಿದ್ದರೆ ತಪ್ಪು ಕೇಡು ಬಗೆದವನದು. ‘ಈಗ ಎಲ್ಲಿದ್ದೀ? ಜೊತೆಗೆ ಯಾರಿದ್ದಾರೆ?’ ಎಂದು ಮೊದಲು ಕೇಳೋಣ, ಬುದ್ಧಿಮಾತಿಗೆ ಬೆಳಗಾಗಲಿ.

ಬೆಂಗಳೂರಿನಲ್ಲಿರುವ ಮಗನ ಬಳಿಗೆ ನಾವು ಆ ರಾತ್ರಿಯೇ ತಲುಪಲಾರೆವು. ಅಲ್ಲಿರುವ ಚಿಕ್ಕಪ್ಪನನ್ನೋ ದೊಡ್ಡಮ್ಮನನ್ನೋ ಕುಟುಂಬಸ್ನೇಹಿತರನ್ನೋ ಮೊದಲೇ ಕೇಳಿಕೊಂಡು, ಯಾವ ಹೊತ್ತಿನಲ್ಲೂ ಅಂಜದೆ ಕರೆಯಬಹುದಾದ ಒಂದು ನಂಬರನ್ನು ಮಕ್ಕಳ ಕೈಗೆ ಕೊಡೋಣ. ಮುಂದಿನ ರಜೆಯವರೆಗೆ ಕಾಯದೆ ಈ ಭಾನುವಾರದ ಫೋನಿನಲ್ಲಿಯೇ ಈ ಮಾತನ್ನು ಆಡಿಬಿಡೋಣ.